ಬೀಗವಿಲ್ಲದ ಪೆಟ್ಟಿಗೆ

ಮೊನ್ನೆ ಭಾನುವಾರ ಬೆಳಿಗ್ಗೆ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಹೊರಗೆಳೆದು ಮುಚ್ಚಳ ತೆರೆದೆ. ಮೇಣದಬತ್ತಿಯ ವಾಸನೆಯ ಜೊತೆಗೆ ಹಳೆಯ ಬೆಲ್ಲದ ವಾಸನೆ ಬಂತು. ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಕರಾವಳಿಯವರು ಎಚ್ಚರದಿಂದಿರಬೇಕು ಎಂದು ಹಿಂದಿನ ದಿನದ ಸುದ್ದಿಯಲ್ಲಿ ಹೇಳಿದ್ದರು. ನಾವಿರುವ ವಿಜಯವಾಡದಲ್ಲಿ ಗಾಳಿಗಿಂತ ನೀರಿನ ಭಯ ಹೆಚ್ಚು. ಆದರೆ ಎರಡರಲ್ಲೂ ಮೊದಲು ಹೋಗುವುದು ಕರೆಂಟೇ. ಮೇಣದಬತ್ತಿ, ಟಾರ್ಚು, ಬೇರೆಯಾಗಿ ಕಟ್ಟಿಟ್ಟ ಸೆಲ್ಲು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಪವರ್ ಬ್ಯಾಂಕು, ಮಾತ್ರೆಗಳು, ಆಧಾರ್ ಕಾರ್ಡಿನ ನಕಲು, ಅವಲಕ್ಕಿ ಪೊಟ್ಟಣ. ಒಂದೊಂದನ್ನೂ ಹೊರಗಿಟ್ಟು, ಒರೆಸಿ, ಮಾತ್ರೆಗಳ ತಾರೀಖು ನೋಡಿ, ಮತ್ತೆ ಜೋಡಿಸಿದೆ. ಕೊನೆಗೆ ಉಳಿದದ್ದು ಕಾಗದದಲ್ಲಿ ಸುತ್ತಿದ ಅನಕಾಪಲ್ಲಿ ಬೆಲ್ಲ. ಅದನ್ನು ಕೈಯಲ್ಲಿ ಹಿಡಿದಾಗ ಪಿನ್ನಿಗಾರು ನೆನಪಾದರು…

ಪಿನ್ನಿ ಎಂದರೆ ತೆಲುಗಿನಲ್ಲಿ ಚಿಕ್ಕಮ್ಮ, ಗಾರು ಗೌರವಕ್ಕೆ. ನಮಗೆ ಅವರು ಸಂಬಂಧಿಕರಲ್ಲ. ದಾವಣಗೆರೆಯಿಂದ ಬ್ಯಾಂಕಿನ ವಿಶಾಖಪಟ್ಟಣದ ಶಾಖೆಗೆ ನನಗೆ ವರ್ಗವಾದಾಗ ಸಿಂಹಾಚಲಂ ಬೆಟ್ಟದ ಬುಡದಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಮೇಲೆ ನಾವು, ಕೆಳಗೆ ಅವರು. ಗಂಡ ತೀರಿಕೊಂಡಿದ್ದರು. ಬೆಟ್ಟ ಹತ್ತುವ ಭಕ್ತರಿಗೆ ತೆಂಗಿನಕಾಯಿ, ಹೂವು ಮಾರುತ್ತಿದ್ದರು. ನನಗೆ ಅಷ್ಟಿಷ್ಟು ತೆಲುಗು ಬರುತ್ತಿತ್ತು, ನನ್ನ ಹೆಂಡತಿಗೆ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಇಬ್ಬರೂ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಮಗಳಿಗೆ ಆಗ ಎಂಟು ವರ್ಷ. ಅವಳು ತೆಲುಗು ಕಲಿತದ್ದೇ ಅವರ ಹೂವಿನ ಬುಟ್ಟಿಯ ಪಕ್ಕದಲ್ಲಿ.

ಅವಳಿಗೆ ಉಬ್ಬಸವಿತ್ತು. ಹವೆ ಬದಲಾದರೆ ಸಾಕು, ಎದೆ ಕೊಳಲಿನಂತೆ ಸದ್ದು ಮಾಡುತ್ತಿತ್ತು.

ಬಿರುಗಾಳಿಯ ಊರಿಗೆ ಬಂದಿದ್ದೇವೆಂದು ನಾನು ಈ ಪೆಟ್ಟಿಗೆ ಸಿದ್ಧಮಾಡಿದೆ. ಮುಚ್ಚಳದ ಒಳಗೆ ಟೈಪು ಮಾಡಿದ ಪಟ್ಟಿ ಅಂಟಿಸಿದೆ. ಒಂದೇ ತೊಂದರೆ. ಗೋಡೆ ಗಡಿಯಾರ ನಿಂತರೆ ಹೆಂಡತಿ ಪೆಟ್ಟಿಗೆಯಿಂದ ಸೆಲ್ಲು ತೆಗೆಯುತ್ತಿದ್ದಳು, ಹಬ್ಬಕ್ಕೆ ಬೆಂಕಿಪೊಟ್ಟಣ ತೆಗೆಯುತ್ತಿದ್ದಳು, ಮತ್ತೆ ಇಡುತ್ತಿರಲಿಲ್ಲ. ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ, ಬೀಗ ಹಾಕಿದೆ. ಕೀಲಿಯನ್ನು ಶಾಖೆಯ ಕೀಲಿಗಳ ಗೊಂಚಲಿಗೆ ಸೇರಿಸಿ ಜೇಬಿನಲ್ಲಿಟ್ಟುಕೊಂಡೆ.

ಪಿನ್ನಿಗಾರು ಅದನ್ನು ಕಂಡು ನಕ್ಕರು. ಮನೆಯಲ್ಲೂ ಲಾಕರು ತೆರೆದಿರಾ ಬಾಬು, ನಾನೂ ಒಂದು ಖಾತೆ ಮಾಡಿಸಲೇ ಎಂದು ಕೇಳಿದರು. ಅವರ ಮನೆಯಲ್ಲಿ ಬಾಗಿಲ ಹಿಂದೆ, ಮಗುವಿನ ಕೈಗೂ ಎಟಕುವ ಮೊಳೆಗೆ ಒಂದು ಬಟ್ಟೆಚೀಲ ತೂಗುತ್ತಿತ್ತು. ಅದರಲ್ಲಿ ದೀಪ, ಬೆಂಕಿಪೊಟ್ಟಣ, ಹುರಿಗಡಲೆ, ಒಂದು ಉಂಡೆ ಬೆಲ್ಲ. ಅಷ್ಟೇ. ಕತ್ತಲಲ್ಲಿ ಕೂತ ಮಕ್ಕಳ ಬಾಯಿಗೆ ಸಿಹಿ ಬಿದ್ದರೆ ಅಳುವುದಿಲ್ಲ, ನಿಮ್ಮ ಪೆಟ್ಟಿಗೆಗೂ ಒಂದು ಉಂಡೆ ಹಾಕಿ ಎಂದರು. ಇರುವೆ ಬರುತ್ತದೆ ಎಂದು ನಾನು ಬೇಡವೆಂದೆ.

ಆ ವರ್ಷ ಗಾಳಿ ಮಧ್ಯಾಹ್ನಕ್ಕೆ ಬರುತ್ತದೆಂದು ಹೇಳಿದ್ದರು. ಶಾಖೆಯ ನೆಲಮಹಡಿಯ ಕಾಗದಪತ್ರಗಳನ್ನು ಮೇಲಕ್ಕೆ ಸಾಗಿಸಿ ಹತ್ತು ಗಂಟೆಯೊಳಗೆ ಹಿಂದಿರುಗುವ ಲೆಕ್ಕದಲ್ಲಿ ಬೆಳಿಗ್ಗೆ ಹೊರಟೆ. ಗಾಳಿ ನನ್ನ ಲೆಕ್ಕ ಕೇಳಲಿಲ್ಲ. ಒಂಬತ್ತಕ್ಕೇ ಬೀದಿಯ ಮರಗಳು ಅಡ್ಡಬಿದ್ದವು, ಫೋನು ಸತ್ತಿತು. ಸಂಜೆಯವರೆಗೆ ನಾವು ನಾಲ್ಕು ಜನ ಶಾಖೆಯ ಮಹಡಿಯಲ್ಲಿ ಕೂತಿದ್ದೆವು. ನನಗೆ ಆತಂಕವಿರಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಇದೆಯಲ್ಲ ಎಂದುಕೊಂಡಿದ್ದೆ. ಕೀಲಿಯ ಗೊಂಚಲು ತೊಡೆಗೆ ಒತ್ತುತ್ತಲೇ ಇತ್ತು…

ಮನೆಯಲ್ಲಿ ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಕಿಟಕಿಗಳನ್ನೆಲ್ಲ ಮುಚ್ಚಿ ಒಳಕೋಣೆಯಲ್ಲಿ ಕೂತಾಗ ಮಗಳಿಗೆ ಉಬ್ಬಸ ಏರಿತು. ಕೈಯಲ್ಲಿದ್ದ ಇನ್‌ಹೇಲರು ಎರಡು ಸಲ ಎಳೆಯುವಷ್ಟರಲ್ಲಿ ಮುಗಿಯಿತು. ಹೊಸದು ಪೆಟ್ಟಿಗೆಯಲ್ಲಿತ್ತು. ಪಟ್ಟಿಯಲ್ಲಿ ಏಳನೆಯದು. ಹೆಂಡತಿ ಕೀಲಿಗಾಗಿ ಮನೆಯೆಲ್ಲ ತಡಕಿ, ಕೊನೆಗೆ ಮೆಟ್ಟಿಲ ಬಾಗಿಲಿಗೆ ಬಂದು ಕೂಗಿದಳು. ಆ ಗಾಳಿಯಲ್ಲಿ ಕೆಳಗಿನವರಿಗೆ ಅದು ಹೇಗೆ ಕೇಳಿಸಿತೋ ಗೊತ್ತಿಲ್ಲ. ಪಿನ್ನಿಗಾರು ತೆಂಗಿನಕಾಯಿ ಸುಲಿಯುವ ಹಾರೆ ಹಿಡಿದೇ ಮೇಲೆ ಬಂದರು. ಎರಡು ಏಟಿಗೆ ಬೀಗವೂ ಕೊಂಡಿಯೂ ಕಿತ್ತು ಬಂದವು. ಮಗಳ ಉಸಿರು ತಹಬಂದಿಗೆ ಬರುವವರೆಗೆ ಅವಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದರಂತೆ.

ಬಿದ್ದ ಮರಗಳನ್ನು ದಾಟಿಕೊಂಡು ನಾನು ಮನೆ ಸೇರಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಬಾಗಿಲಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯ ಆ ಕಿತ್ತ ಕೊಂಡಿ. ನನ್ನ ಬಾಯಿಂದ ಮೊದಲು ಹೊರಟ ಮಾತು, ಬೀಗ ಒಡೆದದ್ದು ಯಾರು ಎಂದು.

ಪಿನ್ನಿಗಾರು ಮಗಳ ತಲೆಯನ್ನು ಮೆಲ್ಲಗೆ ದಿಂಬಿಗೆ ಇಳಿಸಿ ಎದ್ದರು.

“ನಾನೇ ಒಡೆದೆ ಬಾಬು. ಕಳ್ಳ ಬರ್ತಾನೆ ಅಂತ ಬೀಗ ಹಾಕೋರನ್ನ ಕಂಡಿದ್ದೀನಿ. ಹೆಂಡತಿ ಮಕ್ಕಳು ಬರ್ತಾರೆ ಅಂತ ಹಾಕೋರನ್ನ ಇವತ್ತೇ ಕಂಡದ್ದು.” ಮೆಟ್ಟಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದರು. “ಮೊದಲು ಮಗು ಹೇಗಿದೆ ಅಂತ ಕೇಳಿ. ಬೀಗ ಎಲ್ಲಿಗೂ ಓಡಿಹೋಗಲ್ಲ.”

ಕ್ಷಮಿಸಿ ಎಂದು ನಾನು ಹೇಳಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಕೊಂಡಿಯನ್ನು ಸರಿಮಾಡಿಸದೆ ಹಾಗೆಯೇ ಬಿಟ್ಟೆ, ಅಷ್ಟೇ. ಮರುವಾರ ಅವರು ಬೆಲ್ಲ ತಂದು ಪೆಟ್ಟಿಗೆಯಲ್ಲಿಟ್ಟರು. ಇರುವೆಯ ಮಾತು ನಾನು ಎತ್ತಲಿಲ್ಲ.

ವಿಜಯವಾಡಕ್ಕೆ ವರ್ಗವಾದ ಮೇಲೂ ಪ್ರತಿ ವರ್ಷ ದಸರೆಗೆ ಮುಂಚೆ ಅವರ ಫೋನು ಬರುತ್ತಿತ್ತು. ಕ್ಷೇಮಸಮಾಚಾರವೆಲ್ಲ ಹೆಂಡತಿಯೊಡನೆ. ನನ್ನೊಡನೆ ಒಂದೇ ಪ್ರಶ್ನೆ. “ಪೆಟ್ಟೆ ತೆರಿಚೇ ಉಂದಾ, ಬಾಬು?” ಪೆಟ್ಟಿಗೆ ತೆರೆದೇ ಇದೆಯಾ? ಇದೆ ಎನ್ನುತ್ತಿದ್ದೆ. ನಗುತ್ತಿದ್ದರು, ಇಡುತ್ತಿದ್ದರು.

ಹೋದ ವರ್ಷ ಫೋನು ಬರಲಿಲ್ಲ. ಹದಿನೈದು ದಿನ ಕಾದು ನಾನೇ ಮಾಡಿದೆ. ಬೇರೆ ಊರಿನಲ್ಲಿದ್ದ ಅವರ ಸೊಸೆ ಎತ್ತಿದರು. ಪಿನ್ನಿಗಾರು ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಫೋನಿನಲ್ಲಿ ನನ್ನ ನಂಬರು ‘ಪೆಟ್ಟೆ ಬಾಬು’ ಎಂದಿತ್ತಂತೆ, ಯಾರೆಂದು ತಿಳಿಯದೆ ಸುದ್ದಿ ಮುಟ್ಟಿಸಲಿಲ್ಲವಂತೆ. ನಾನು ಯಾರೆಂದು ಹೇಳಬೇಕಾಯಿತು.

ಭಾನುವಾರ ಹಳೆಯ ಬೆಲ್ಲ ತೆಗೆದು ಹೊಸದನ್ನು ಇಡುತ್ತಿದ್ದಾಗ ಮಗಳ ಫೋನು ಬಂತು. ಈ ವರ್ಷ ಅವಳು ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ಆಗಲೇ ಗಾಳಿ ಎದ್ದಿತ್ತಂತೆ. ನಾನು ಹಲೋ ಎನ್ನುವ ಮೊದಲೇ ಕೇಳಿದಳು.

“ಪೆಟ್ಟೆ ತೆರಿಚೇ ಉಂದಾ, ನಾನ್ನಾ?”

ಅದೇ ರಾಗ, ಬಾಬು ಎಂಬಲ್ಲಿ ಅಪ್ಪ ಎಂದದ್ದಷ್ಟೇ ಬೇರೆ. ಹೂವಿನ ಬುಟ್ಟಿಯ ಪಕ್ಕ ಕಲಿತ ತೆಲುಗು.

“ಅದಿರಲಿ,” ಎಂದೆ. “ಮೊದಲು ನಿನ್ನ ಉಸಿರು ಹೇಗಿದೆ, ಹೇಳು.”