ನಾನು ಬರೆದುಕೊಟ್ಟ ಬೈಗುಳ

ದೋಹಾದ ಮುಶೈರಿಬ್‌ನಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರ್ ಪ್ರತಿ ಶುಕ್ರವಾರ ಬೆಳಿಗ್ಗೆ ಇಂಟರ್‌ನೆಟ್ ರೇಡಿಯೊದಲ್ಲಿ ಕನ್ನಡ ಕಾರ್ಯಕ್ರಮ ನಡೆಸುತ್ತಾರೆ. ಮೊದಮೊದಲು ಹಳೆಯ ಚಿತ್ರಗೀತೆ ಹಾಕುತ್ತಿದ್ದರು. ಒಬ್ಬರೂ ಫೋನ್ ಮಾಡುತ್ತಿರಲಿಲ್ಲ. ಒಂದು ವಾರ, ಜೀನ್ಸ್ ತೊಟ್ಟು ಪೂಜೆಗೆ ಬರುವ ಹುಡುಗಿಯರನ್ನು ಬೈದರು. ಫೋನಿಗೆ ಪುರಸೊತ್ತೇ ಇಲ್ಲದಂತಾಯಿತು. ಅಂದಿನಿಂದ ಹಾಡು ಖಲಾಸ್, ಬರೀ ಬೈಗುಳ.

ಅವರಿಗೆ ಗಂಟಲಿತ್ತು, ಮಾತಿರಲಿಲ್ಲ. “ನಿನ್ನ ಕನ್ನಡ ಚೆನ್ನಾಗಿದೆ ಕಣಮ್ಮ, ಎರಡು ಪೇಜ್ ಬರೆದುಕೊಡು” ಎಂದರು. ನನ್ನ ಪ್ರಮೋಷನ್ ಅವರ ಕೈಯಲ್ಲಿತ್ತು. ಸುಳ್ಳೇಕೆ ಹೇಳಲಿ, ಆ ಆಸೆಗೇ ಪ್ರತಿ ಗುರುವಾರ ಊಟದ ಬಿಡುವಿನಲ್ಲಿ ಕೂತು ಬರೆದೆ. “ಹೊಸಿಲು ದಾಟಿದ ಮಗಳು ದುಡ್ಡು ಕಳಿಸಬಹುದು, ಮರ್ಯಾದೆ ಕಳಿಸಲಾರಳು” ಎಂದು ಬರೆದವಳು ನಾನೇ. ಆ ಮಾತು ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿತು. ಇಲ್ಲಿನ ಕನ್ನಡಿಗರು ಮ್ಯಾನೇಜರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನ ಮಾಡಿದರು. ನಾನೂ ನಾಚಿಕೆಯಿಲ್ಲದೆ ಚಪ್ಪಾಳೆ ತಟ್ಟಿದೆ.

ಕಳೆದ ತಿಂಗಳು ನನ್ನ ತಂಗಿಗೆ ಇಲ್ಲೇ ಲುಸೈಲ್‌ನಲ್ಲಿ ಕೆಲಸ ಸಿಕ್ಕಿತು. ಮೈಸೂರಿನಿಂದ ಅಪ್ಪ ಫೋನ್ ಮಾಡಿದರು.

“ಅವಳನ್ನ ಕಳಿಸಲ್ಲಮ್ಮ. ನಿಮ್ಮ ರೇಡಿಯೊದವರು ಎಷ್ಟು ಚೆನ್ನಾಗಿ ಹೇಳಿದಾರೆ!” ಎಂದು ನನ್ನ ಆ ವಾಕ್ಯವನ್ನು ಒಂದಕ್ಷರ ಬಿಡದೆ ನನಗೇ ಒಪ್ಪಿಸಿದರು.

ಬರೆದವಳು ನಾನು ಎನ್ನಲು ಬಾಯಿ ಬರಲಿಲ್ಲ. “ನಾನೂ ಹೊಸಿಲು ದಾಟಿದವಳೇ ಅಲ್ವಾ ಅಪ್ಪಾ?” ಎಂದೆ.



“ಅದಕ್ಕೇ ಹೇಳ್ತಿರೋದು” ಎಂದರು ಅಪ್ಪ.