ತುಳಿದು ಎತ್ತಿದ ಹಾಳೆಗಳು

ಪೋಲೆಂಡಿನ ರಂಗಭೂಮಿಯಲ್ಲಿ ಪಿಸುಮಾತನ್ನೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟಿಸುವ ವಿದ್ಯೆ ಬಲ್ಲವರು ವಿರಳ. ಅದನ್ನು ಕಲಿಸಬಲ್ಲವರು ಇನ್ನೂ ವಿರಳ. ಅಂಥವರಲ್ಲಿ ಅಗ್ರಗಣ್ಯರಾದ ಪ್ರೊಫೆಸರ್ ಬೊಗುಮಿಲಾ ಸರ್ನೆತ್ಸ್ಕಾ ಅವರು ಈಗ ನಿವೃತ್ತರಾಗುತ್ತಿದ್ದಾರೆ.

ಅವರು ನಮ್ಮ ಚಲನಚಿತ್ರ ಮತ್ತು ನಾಟಕ ಶಾಲೆಗೆ ಬಂದಾಗ ಸಿನಿಮಾದವರಿಗೂ ನಾಟಕದವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕ್ಯಾಂಟೀನಿನಲ್ಲೂ ಬೇರೆ ಬೇರೆ ಮೇಜು. ಶಿಷ್ಯರನ್ನು ಬೈಯುವುದರಲ್ಲಿ ಬೊಗುಮಿಲಾ ಅವರದು ಎತ್ತಿದ ಕೈ. ಗಂಟಲು ಕಟ್ಟಿದವರಿಗೆ ಮಾತ್ರ ಮೊದಲು ಜೇನು ಬೆರೆಸಿದ ಚಹಾ ಕುಡಿಸಿ, ಆಮೇಲೆ ಬೈಯುತ್ತಿದ್ದರು.

ಬೆಟ್ಟದ ಕುರಿಗಾಹಿಗಳ ಮನೆಯ ಲುದ್ವಿಕಾ ಆಗ ಮೊದಲ ವರ್ಷದ ವಿದ್ಯಾರ್ಥಿನಿ. ಊರಿನ ಮಾತಿನ ಸೊಗಡನ್ನು ಬಚ್ಚಿಡಲು ಹೋಗಿ ಅವಳ ದನಿಯೇ ಉಡುಗಿಹೋಗಿತ್ತು. ವರ್ಷಾಂತ್ಯದ ಪರೀಕ್ಷೆಯಲ್ಲಿ ಸೋತರೆ ಶಾಲೆಯಿಂದ ಹೊರಗೆ.

ಪರೀಕ್ಷೆಯ ದಿನ ವೇದಿಕೆ ಹತ್ತಿದೊಡನೆ ಅವಳ ಕೈಯಿಂದ ನಾಟಕದ ಹಾಳೆಗಳು ಜಾರಿ ಕೆಳಗೆ ಬಿದ್ದವು. ಬಿದ್ದ ಹಾಳೆಯನ್ನು ತುಳಿದೇ ಎತ್ತಬೇಕು, ಇಲ್ಲವಾದರೆ ನಾಟಕ ಕೆಡುತ್ತದೆ ಎಂಬುದು ನಮ್ಮ ನಟರ ನಂಬಿಕೆ. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಓದುಗರು ಮನ್ನಿಸಬೇಕು. ಶಾಲೆಯ ಮುಖ್ಯಸ್ಥ ವಿತೋಲ್ಡ್ ಅವರೋ ಕ್ಯಾಮೆರಾದವರು; ಪಾಪ, ಸೌಜನ್ಯದಿಂದ ತಾವೇ ಬಗ್ಗಿ ಎತ್ತಿ ಅವಳ ಕೈಗಿತ್ತರು. ಲುದ್ವಿಕಾಳ ಮುಖ ಬಿಳಿಚಿಕೊಂಡಿತು. ತುಳಿಯದೆ ಎತ್ತಿದ ಆ ಹಾಳೆಗಳನ್ನೇ ನೋಡುತ್ತ ನಿಂತುಬಿಟ್ಟಳು.

ಬೊಗುಮಿಲಾ ಅವರು ಪರೀಕ್ಷಕರ ಸಾಲಿನಿಂದೆದ್ದು ಬಂದು, ಹಾಳೆಗಳನ್ನು ಕಿತ್ತುಕೊಂಡು ಮತ್ತೆ ನೆಲಕ್ಕೆಸೆದರು.

"ತುಳಿಯೇ!"

"ಎಲ್ರೂ ನೋಡ್ತಿದಾರೆ, ಮೇಡಂ..."

"ನೋಡ್ಲಿ ಬಿಡು. ನಿಮ್ಮೂರಲ್ಲಿ ಕುಣೀತೀರಲ್ಲ, ಹಾಗೆ ತುಳಿ. ಕುರಿ ಥರ ನಿಂತ್ಕೋಬೇಡ!"

"ಕುರಿ ಅಂದ್ರೆ ಸುಮ್ನಿರಲ್ಲ ನಾನು!"

ಅಪ್ಪಟ ಬೆಟ್ಟದ ದನಿ! ಲುದ್ವಿಕಾ ಧಡಧಡನೆ ತುಳಿದಳು; ಅದೇ ಸಿಟ್ಟಿನಲ್ಲಿ, ಅದೇ ಸೊಗಡಿನಲ್ಲಿ ತನ್ನ ಭಾಗವನ್ನು ಕೊನೆಯವರೆಗೂ ನುಡಿದಳು. ಪರೀಕ್ಷಕರು ಒಮ್ಮತದಿಂದ ಅವಳನ್ನು ಉಳಿಸಿಕೊಂಡರು.

"ತುಳೀಬೇಕು ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲ!" ಎಂದು ವಿತೋಲ್ಡ್ ಪೇಚಾಡಿದರು.

"ಹೇಳೋಕೆ ನೀವು ನಮ್ಮ ಮೇಜಿಗೆ ಯಾವತ್ತು ಬಂದಿದ್ರಿ?" ಎಂದರು ಬೊಗುಮಿಲಾ. ಮರುದಿನ ವಿತೋಲ್ಡ್ ತಮ್ಮ ಬೀಟ್‌ರೂಟ್ ಸಾರಿನ ಬಟ್ಟಲು ಹಿಡಿದು ನಾಟಕದವರ ಮೇಜಿಗೇ ಬಂದು ಕೂತರು.

ಇಂದು ಹೆಸರಾಂತ ನಟಿಯಾಗಿರುವ ಲುದ್ವಿಕಾ ಅವರೇ ಗುರುವಿನ ತರಗತಿಯನ್ನು ವಹಿಸಿಕೊಳ್ಳಲಿದ್ದಾರೆ. ಬೀಳ್ಕೊಡುಗೆಯ ದಿನ ಬಿನ್ನವತ್ತಳೆ ಓದಿ ಗುರುವಿನ ಕೈಗಿಡುವಾಗ ಲುದ್ವಿಕಾ ಅವರ ಕಣ್ಣು ಮಂಜಾಗಿ, ಹಾಳೆ ಜಾರಿ ನೆಲಕ್ಕೆ ಬಿತ್ತು.

"ಯಾರೂ ಮುಟ್ಬೇಡಿ!" ಎಂದು ಮುಂದಿನ ಸಾಲಿನಿಂದ ಕೂಗಿದವರು ವೃದ್ಧ ವಿತೋಲ್ಡ್.

ಬೊಗುಮಿಲಾ ಅವರು ತಮ್ಮ ಗುಣಗಾನದ ಮೇಲೆಯೇ ಎರಡೂ ಕಾಲಿಟ್ಟು ನಿಂತರು. "ಈಗ ಎತ್ತು, ಲುದ್ವಿಕಾ. ಸೋಮವಾರ ನಿನ್ನ ಪಾಠ ಹೇಗಿರತ್ತೆ ಅಂತ ನೋಡೋಕೆ ಬರ್ತೀನಿ."

ಅವರು ನೂರ್ಕಾಲ ಬಾಳಲಿ, ಅವರ ಕಾಲುಗಳು ಗಟ್ಟಿಯಾಗಿರಲಿ. ನಮ್ಮ ಕೈಯಿಂದ ಹಾಳೆ ಬೀಳುವುದು ಇನ್ನೂ ನಿಂತಿಲ್ಲ.