ಡಮರುವಾದ ಮನೆ

ಮೊನ್ನೆ ರಾಜಾಜಿನಗರದ ಸ್ಟೇಷನರಿ ಅಂಗಡಿಯೊಂದರಲ್ಲಿ ಇಂಡಿಯನ್ ಇಂಕ್ ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿದೆ. ಅಂಗಡಿಯವನು ವಿಚಿತ್ರವಾಗಿ ನೋಡಿದ. ನೋಡಲಿ ಬಿಡಿ. ನನಗೆ ಎದುರುಮನೆ ಅಕ್ಕ ನೆನಪಾಗಿದ್ದರು...

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಒಂದೇ ಬಸ್ಸು ಹತ್ತಿ ಒಂದೇ ಸಂಶೋಧನಾ ಕಚೇರಿಗೆ ಹೋಗುತ್ತಿದ್ದೆವು. ನನಗೆ ಕೆಲಸ ಕಲಿಸಿದವರೇ ಅವರು. ನಡುವೆ ತೂತಿರುವ ಲೋಹದ ತಗಡನ್ನು ಎಳೆದರೆ ಎಲ್ಲಿ ಬಿರಿಯುತ್ತದೆ? ಅದನ್ನು ತಿಳಿಯಲು ತಗಡನ್ನು ಕಾಗದದ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಒಡೆಯಬೇಕು. ಪುಸ್ತಕದಲ್ಲಿ ಅವಕ್ಕೆ ಎಲಿಮೆಂಟ್ ಎಂಬ ಹೆಸರು; ಅಕ್ಕನ ಬಾಯಲ್ಲಿ, ಚೌಕಾಬಾರದ ಹಾಗೆ, ‘ಮನೆ’. ಕಂಪ್ಯೂಟರ್ ಒಂದೊಂದು ಮನೆಯ ಒತ್ತಡವನ್ನೂ ಲೆಕ್ಕ ಹಾಕಿ ಕೊಡುತ್ತಿದ್ದದ್ದು ಬರೀ ಅಂಕಿಗಳ ರಾಶಿ. ಒಂದೇ ಒತ್ತಡವಿರುವ ಜಾಗಗಳನ್ನು ಇಂಕಿನ ಗೆರೆಯಿಂದ ಕೂಡಿಸಿ ಚಿತ್ರ ಮಾಡುವ ಕರ್ಮ ನಮ್ಮದಾಗಿತ್ತು.

ಆಮೇಲೆ ತಾನೇ ಪೆನ್ನು ಓಡಿಸಿ ಗೆರೆ ಎಳೆಯುವ ಪ್ಲಾಟರ್ ಬಂತು. ಅದಕ್ಕೆ ಪ್ರೋಗ್ರಾಂ ಬರೆಯಲು ಅಕ್ಕ ಹಟ ಹಿಡಿದು ಕೂತರು.

“ಅಂಕಿ ನೋಡಿ ನೋಡಿ ಸಾಕಾಗಿದೆ ಕಣೇ. ಒಂದ್ಸಲ ಇಡೀ ತಗಡನ್ನ ಕಣ್ತುಂಬ ನೋಡ್ಬೇಕು.”

ಪ್ರತಿ ಮನೆಯ ನಾಲ್ಕು ಮೂಲೆಗಳ ನಂಬರನ್ನು ಸುತ್ತು ಬರುವ ಕ್ರಮದಲ್ಲೇ, ಕಂಪ್ಯೂಟರಿಗೆ ಉಣಿಸುವ ರಟ್ಟಿನ ಕಾರ್ಡಿನ ಮೇಲೆ ಪಂಚ್ ಮಾಡಬೇಕಿತ್ತು. “ದೇವಸ್ಥಾನದಲ್ಲಿ ಪ್ರದಕ್ಷಿಣೆ, ಇಲ್ಲಿ ಅಪ್ರದಕ್ಷಿಣೆ, ಮರೀಬೇಡ,” ಎಂದು ನಗುತ್ತಿದ್ದರು. ಮೂಲೆಗಳು ಅದಲುಬದಲಾದರೆ ಪ್ಲಾಟರ್ ಎಳೆದ ಮನೆಯ ಅಂಚಿನ ಗೆರೆಗಳು ಅಡ್ಡ ಹಾಯ್ದು, ಚೌಕ ಹೋಗಿ ಡಮರುವಾಗುತ್ತಿತ್ತು.

ಮೊದಲ ಚಿತ್ರದಲ್ಲೇ ಒಂದು ಡಮರು ಬಂತು. “ಯಾರಪ್ಪ ಈ ಶಿವಭಕ್ತರು?” ಎಂದು ನಾನು ರೇಗಿಸಿದೆ. ಹುಡುಕಿದರೆ ಅದು ಅಕ್ಕನೇ ಪಂಚ್ ಮಾಡಿದ ಕಾರ್ಡು. ಮೂರು ಇರಬೇಕಾದಲ್ಲಿ ಎಂಟು, ಎಂಟು ಇರಬೇಕಾದಲ್ಲಿ ಮೂರು. ಅವರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ನಗು ನಿಂತಿತು.

“ಎರಡೂ ಒಂದೇ ಥರ ಕಾಣ್ತಿವೆ ಕಣೇ. ಕಣ್ಣು ಉಳಿಯಲ್ಲ ಅಂದ್ಬಿಟ್ಟಿದಾರೆ ಡಾಕ್ಟ್ರು.”

ಆ ಕಾರ್ಡನ್ನು ಆಗಲೇ ತಿದ್ದಿದೆವು. ಆದರೆ ಅಷ್ಟರಲ್ಲಿ ಪ್ಲಾಟರ್ ಕೆಟ್ಟು ನಿಂತಿತು. ಬಿಡಿಭಾಗ ಹೊರದೇಶದಿಂದ ಬರಬೇಕಿತ್ತು. ತಿಂಗಳುಗಳು ಹೋದವು... ಬರಬರುತ್ತಾ ಅಕ್ಕ ಬಸ್ಸಿನ ನಂಬರನ್ನೂ ನನ್ನನ್ನೇ ಕೇಳತೊಡಗಿದರು.

ಕೊನೆಗೆ ಸರಿಯಾದ ಚಿತ್ರ ಬಂತು. ಒಂದೇ ಒಂದು ಡಮರು ಇರಲಿಲ್ಲ. ಅಕ್ಕ ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗಾಗಿ, “ನೀನೇ ಹೇಳೇ. ಗೆರೆ ಎಲ್ಲಿ ಒತ್ತಾಗಿವೆ?” ಎಂದರು.

ಅವರ ಬೆರಳು ಹಿಡಿದು ಕಾಗದದ ಮೇಲೆ ಇಟ್ಟೆ. “ತೂತಿನ ಅಂಚಲ್ಲಿ, ಅಕ್ಕ. ಕೂದಲೆಳೆಯಷ್ಟೂ ಜಾಗ ಇಲ್ಲ.”

“ಹಾಗಾದ್ರೆ ಅಲ್ಲೇ ಬಿರಿಯೋದು.” ಬೆರಳು ತೆಗೆಯದೆಯೇ, “ನನ್ನ ಪಾಲಿಗೆ ಸಿಕ್ಕಿದ್ದು ಡಮರು ಒಂದೇ ನೋಡು,” ಎಂದು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ.

ಅಕ್ಕ ಹೋಗಿ ಎಷ್ಟೋ ವರ್ಷಗಳಾದವು. ಈಗ ಕಂಪ್ಯೂಟರ್ ಪರದೆಯ ಮೇಲೆ ಅಂಥದೇ ತಗಡು ಬಣ್ಣಬಣ್ಣವಾಗಿ ತಿರುಗುತ್ತದೆ; ಒತ್ತಡ ಹೆಚ್ಚಿದ್ದಲ್ಲಿ ಕೆಂಪು. ಕಂಡಾಗಲೆಲ್ಲ, “ಕೆಂಪೆಲ್ಲ ತೂತಿನ ಸುತ್ತಾನೇ ಇದೆ, ಅಕ್ಕ,” ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಎಲ್ಲರಿಗೂ ಕಾಣುತ್ತಿರುತ್ತದೆ. ನನ್ನನ್ನು ಕೇಳುವವರು ಯಾರೂ ಇಲ್ಲ.